ಗ್ರೈಂಡರನ್ನು ಕೈಯಿಂದ ತಳ್ಳಿ ಚಾಲೂ ಮಾಡಬೇಡಿ



ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದಲ್ಲಿ ಮೋಟಾರು ಇಲ್ಲದ ಮನೆ ಈಗ ವಿರಳ. ಇಡ್ಲಿ-ದೋಸೆಗೆ ಹಿಟ್ಟು ರುಬ್ಬುವ ಗ್ರೈಂಡರ್, ಜೋಳ-ಗೋಧಿ ಬೀಸುವ ಮನೆಗಿರಣಿ, ಎಮ್ಮೆಗಳಿಗೆ ಭರಡಾ ಒಡೆಯುವ ಗಿರಣಿ, ಕೊಟ್ಟಿಗೆಯ ಪಕ್ಕದಲ್ಲಿ ಕಣಿಕೆ ಕತ್ತರಿಸುವ ಕಡಬಾ-ಕುಟ್ಟಿ ಯಂತ್ರ, ಹೀಗೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ತಿರುಗಿಸುವುದು ಕಾಲು ಎಚ್.ಪಿ.ಯಿಂದ ಎರಡು ಎಚ್.ಪಿ.ವರೆಗಿನ ಸಿಂಗಲ್ ಫೇಜ್ ಮೋಟಾರು. ಈ ಮೋಟಾರಿಗೆ ತಗಲುವ ಒಂದು ಸಾಮಾನ್ಯ ರೋಗದ ಬಗ್ಗೆ ಈ ಸಲ ಬರೆಯಬೇಕೆನಿಸಿದೆ. ಬಟನ್ ಒತ್ತಿದರೆ ಒಮ್ಮೆ ಚಾಲೂ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಆಗದಿದ್ದಾಗ "ಗುಂಯ್" ಎಂದು ಸದ್ದು ಮಾಡುತ್ತ ನಿಂತಲ್ಲೇ ನಿಲ್ಲುತ್ತದೆ. ಕೈಯಿಂದ ಪುಲ್ಲಿಗೋ ಕಲ್ಲಿಗೋ ಸ್ವಲ್ಪ ತಳ್ಳು ಕೊಟ್ಟರೆ ತಿರುಗತೊಡಗುತ್ತದೆ.

ಹೀಗೆ ತಳ್ಳಿ ನಡೆಸುವುದು ಅನೇಕ ಮನೆಗಳಲ್ಲಿ ತಿಂಗಳುಗಟ್ಟಲೆ ಸಾಗುತ್ತದೆ. "ತಳ್ಳಿದರೆ ತಿರುಗುತ್ತದಲ್ಲ, ಇನ್ನೇನು? ಪೂರ್ತಿ ಕೆಟ್ಟಾಗ ನೋಡೋಣ" ಎನ್ನುವುದು ಮನೆಯ ಯಜಮಾನರ ಮಾತು. ಆದರೆ ತಳ್ಳುವ ಕೈ ಯಾರದು? ದಿನಾಲು ಯಂತ್ರದ ಮುಂದೆ ನಿಲ್ಲುವುದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ರಿಪೇರಿಗೆ ಹಣ ತೆಗೆಯುವ ನಿರ್ಧಾರ ಮಾತ್ರ ಗಂಡಸರದು. ಈ ಎರಡರ ನಡುವೆ ಬೆರಳು ಹೋದವರಿದ್ದಾರೆ, ಶಾಕ್ ತಿಂದವರಿದ್ದಾರೆ. ಅದಕ್ಕಾಗಿ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ: ಒಮ್ಮೊಮ್ಮೆ ಮಾತ್ರ ಚಾಲೂ ಆಗುವ ಮೋಟಾರು ಕೆಟ್ಟ ಮೋಟಾರೇ. ಅದನ್ನು ಅಂದೇ ಬಂದ್ ಮಾಡಿ, ಕಾರಣ ಹುಡುಕಿ, ಸರಿಪಡಿಸಿದ ಮೇಲೆಯೇ ಬಳಸಬೇಕು. ಕಾರಣ ಬಹುತೇಕ ಸಣ್ಣದಾಗಿರುತ್ತದೆ, ಖರ್ಚೂ ಸಣ್ಣದಾಗಿರುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಕಾಗುವ ತನಕ ಕಾಯಬಾರದು.

ಮೋಟಾರು ತಾನಾಗಿ ಏಕೆ ತಿರುಗದು?

ಇದನ್ನು ತಿಳಿಯಲು ಅಜ್ಜಿಯ ಕಾಲದ ಬೀಸುಕಲ್ಲನ್ನು ನೆನಪಿಸಿಕೊಳ್ಳಿರಿ. ಕಲ್ಲಿನ ಗೂಟ ಹಿಡಿದು ಬರೀ ಮುಂದಕ್ಕೆ ದೂಡಿ ಹಿಂದಕ್ಕೆ ಎಳೆದರೆ ಕಲ್ಲು ಸುತ್ತುವುದಿಲ್ಲ. ದೂಡುವಾಗ ಕೈಯನ್ನು ಒಂದಿಷ್ಟು ಪಕ್ಕಕ್ಕೂ ಒಯ್ಯಬೇಕು. ಒಮ್ಮೆ ವೇಗ ಹಿಡಿದ ಮೇಲೆ ಕಲ್ಲು ಸುಲಭವಾಗಿ ತಿರುಗುತ್ತದೆ.

ಸಿಂಗಲ್ ಫೇಜ್ ಕರೆಂಟಿನದೂ ಇದೇ ಕಥೆ. ಅದು ಸೆಕೆಂಡಿಗೆ 50 ಸಲ ಹಿಂದೆ-ಮುಂದೆ ಹರಿಯುತ್ತದೆ. ಅದರಿಂದ ಮೋಟಾರಿನ ಮುಖ್ಯ ವೈಂಡಿಂಗಿನಲ್ಲಿ ಹುಟ್ಟುವ ಅಯಸ್ಕಾಂತದ ಸೆಳೆತ ಏರುತ್ತದೆ, ಇಳಿಯುತ್ತದೆ, ದಿಕ್ಕು ಬದಲಿಸುತ್ತದೆ, ಆದರೆ ಸುತ್ತುವುದಿಲ್ಲ. ನಿಂತ ಮೋಟಾರಿಗೆ ಆ "ಪಕ್ಕದ ತಳ್ಳು" ಕೊಡಲೆಂದೇ ಎರಡನೆಯ ವೈಂಡಿಂಗ್ ಒಂದನ್ನು ಹಾಕಿರುತ್ತಾರೆ. ಅದಕ್ಕೆ ಸ್ಟಾರ್ಟಿಂಗ್ ವೈಂಡಿಂಗ್ ಎನ್ನುತ್ತಾರೆ. ಅದರ ಜೊತೆಗೆ ಮೋಟಾರಿನ ಬೆನ್ನ ಮೇಲೆ ಉಬ್ಬಿದ ಡಬ್ಬಿಯೊಳಗೆ ಕೆಪಾಸಿಟರ್ ಇರುತ್ತದೆ. ಹಳೆಯ ಮಿಸ್ತ್ರಿಗಳು ಅದನ್ನು ಕಂಡೆನ್ಸರ್ ಎಂದು ಕರೆಯುತ್ತಾರೆ. ಕೆಪಾಸಿಟರ್ ಆ ವೈಂಡಿಂಗಿನ ಕರೆಂಟನ್ನು ಮುಖ್ಯ ವೈಂಡಿಂಗಿನ ಕರೆಂಟಿಗಿಂತ ಸ್ವಲ್ಪ ಮುಂಚಿತವಾಗಿ ಹರಿಯುವಂತೆ ಮಾಡುತ್ತದೆ. ಈ ಹೆಚ್ಚು-ಕಡಿಮೆಯಿಂದಲೇ ಸುತ್ತುವ ಸೆಳೆತ ಹುಟ್ಟಿ ಮೋಟಾರು ಎದ್ದು ನಿಲ್ಲುತ್ತದೆ.

ಮೋಟಾರು ತನ್ನ ಪೂರ್ಣ ವೇಗದ ಸುಮಾರು ಮುಕ್ಕಾಲು ಭಾಗ ತಲುಪಿದಾಗ ಸ್ಟಾರ್ಟಿಂಗ್ ವೈಂಡಿಂಗಿನ ಕೆಲಸ ಮುಗಿಯಿತು. ಆಗ ಶಾಫ್ಟಿನ ಮೇಲಿರುವ ಸೆಂಟ್ರಿಫ್ಯೂಗಲ್ ಸ್ವಿಚ್, ತಿರುಗುವ ರಭಸಕ್ಕೆ ತನ್ನ ತೂಕಗಳು ಹೊರಕ್ಕೆ ಸರಿದು, ಆ ವೈಂಡಿಂಗನ್ನು ಕಡಿದುಬಿಡುತ್ತದೆ. ಮೋಟಾರು ಬಂದ್ ಮಾಡಿ ವೇಗ ಇಳಿದಾಗ ಸ್ವಿಚ್ ಮತ್ತೆ "ಟಕ್" ಎಂದು ಕೂಡಿಕೊಳ್ಳುತ್ತದೆ, ಮುಂದಿನ ಸಲಕ್ಕೆ ಸಿದ್ಧವಾಗುತ್ತದೆ. ಕೆಲವು ಚಿಕ್ಕ ಗ್ರೈಂಡರುಗಳಲ್ಲಿ ಕೆಪಾಸಿಟರ್ ಸದಾಕಾಲ ಜೋಡಣೆಯಲ್ಲಿಯೇ ಇರುತ್ತದೆ; ಅವುಗಳಲ್ಲಿ ಈ ಸ್ವಿಚ್ ಇರುವುದಿಲ್ಲ.

ಇಚಲಕರಂಜಿಯ ನೇಕಾರ ಬಂಧುಗಳು "ನಮ್ಮ ಮಗ್ಗದ ಮೋಟಾರಿಗೆ ಕೆಪಾಸಿಟರ್ ಇಲ್ಲವಲ್ಲ" ಎಂದು ಕೇಳಬಹುದು. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮ್ ತಂದ ಊರು ಅದು. ಮೋಟಾರಿನ ವಿಷಯದಲ್ಲಿ ಆ ಊರಿನವರಿಗೆ ಪಾಠ ಹೇಳಬೇಕಾಗಿಲ್ಲ. ಮಗ್ಗದ ಮೋಟಾರು ಮೂರು ಫೇಜಿನದು. ಮೂರು ಫೇಜುಗಳು ಒಂದರ ಹಿಂದೆ ಒಂದು ಬರುವುದರಿಂದ ಸುತ್ತುವ ಸೆಳೆತ ತಾನಾಗಿ ಹುಟ್ಟುತ್ತದೆ. ಆದರೆ ಮೂರರಲ್ಲಿ ಒಂದು ಫೇಜ್ ಹೋದ ದಿನ ಅದೇ ಮೋಟಾರು ಅದೇ ರೀತಿ "ಗುಂಯ್" ಎನ್ನುತ್ತ ನಿಲ್ಲುತ್ತದೆ, ನೋಡದೇ ಬಿಟ್ಟರೆ ಸುಟ್ಟುಹೋಗುತ್ತದೆ. ಆಗ ಯಾವ ನೇಕಾರನೂ ಅದನ್ನು ಕೈಯಿಂದ ತಳ್ಳುತ್ತ ಕೂರುವುದಿಲ್ಲ, ತಕ್ಷಣ ಮೇನ್ ಸ್ವಿಚ್ ತೆಗೆಯುತ್ತಾನೆ. ಕಾರಖಾನೆಯಲ್ಲಿರುವ ಈ ಬುದ್ಧಿ ಮನೆಯ ಗ್ರೈಂಡರಿನ ಮುಂದೆ ಏಕೆ ಇರಬಾರದು?

"ಒಮ್ಮೊಮ್ಮೆ" ಎಂಬುದರ ಗುಟ್ಟು

ಪೂರ್ತಿ ಕೆಟ್ಟ ಯಂತ್ರದ ದೋಷ ಹುಡುಕುವುದು ಸುಲಭ. ಒಮ್ಮೊಮ್ಮೆ ಕೆಡುವ ಯಂತ್ರ ಮಿಸ್ತ್ರಿಯ ಅಂಗಡಿಗೆ ಹೋದಾಗ ಸರಿಯಾಗಿಯೇ ನಡೆದು ಎಲ್ಲರ ದಾರಿ ತಪ್ಪಿಸುತ್ತದೆ. ಹೀಗೆ ಬಂದು ಹೋಗುವ ದೋಷಕ್ಕೆ ಸಾಮಾನ್ಯವಾಗಿ ಐದು ಕಾರಣಗಳು.

ಮೊದಲನೆಯದು ಸೆಂಟ್ರಿಫ್ಯೂಗಲ್ ಸ್ವಿಚ್. ಪ್ರತಿ ಸಲ ಕಡಿಯುವಾಗ ಅದರ ತುದಿಗಳ ನಡುವೆ ಕಿಡಿ ಹಾರಿ ತುದಿಗಳು ಸವೆಯುತ್ತವೆ, ಕಪ್ಪಾಗುತ್ತವೆ. ಅದರ ಮೇಲೆ ಗಿರಣಿಯ ಹಿಟ್ಟಿನ ಧೂಳು, ಖಾರದ ಪುಡಿ, ಇಚಲಕರಂಜಿಯ ಮನೆಗಳಲ್ಲಾದರೆ ಹತ್ತಿಯ ಎಳೆ ಕೂಡಿಕೊಳ್ಳುತ್ತದೆ. ಸ್ವಿಚ್ ಒಮ್ಮೆ ಸರಿಯಾಗಿ ಕೂಡುತ್ತದೆ, ಒಮ್ಮೆ ಕೂಡುವುದಿಲ್ಲ. ಕೂಡದ ದಿನ ಮೋಟಾರು ಏಳುವುದಿಲ್ಲ. ಮಿಸ್ತ್ರಿ ಕಟ್ಟಿಗೆಯಿಂದ ಮೋಟಾರಿಗೆ ಮೆಲ್ಲಗೆ ಬಡಿದರೆ ಚಾಲೂ ಆಗುತ್ತದೆ ಎಂದರೆ ಮೊದಲ ಸಂಶಯ ಇದರ ಮೇಲೆಯೇ.

ಎರಡನೆಯದು ಸೊರಗಿದ ಕೆಪಾಸಿಟರ್. ಇದು ಒಂದೇ ದಿನಕ್ಕೆ ಸಾಯಬೇಕೆಂದಿಲ್ಲ. ಶಕ್ತಿ ಮೆಲ್ಲಮೆಲ್ಲಗೆ ಕುಂದುತ್ತ ಬರುತ್ತದೆ. ಆಗ ಖಾಲಿ ಯಂತ್ರ ಏಳುತ್ತದೆ, ಅಕ್ಕಿ ತುಂಬಿದ ಯಂತ್ರ ಏಳುವುದಿಲ್ಲ.

ಮೂರನೆಯದು ಕಡಿಮೆ ವೋಲ್ಟೇಜ್. ಮೋಟಾರಿನ ಎಬ್ಬಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಕೊರತೆ ಶೇಕಡಾ 22 ಮಾತ್ರ, ಆದರೆ ಬಲ ಶೇಕಡಾ 61ಕ್ಕೆ ಕುಸಿಯುತ್ತದೆ. ಮಧ್ಯಾಹ್ನ ಸರಿಯಾಗಿ ನಡೆದು ಸಂಜೆ ಎಲ್ಲರ ಮನೆಯ ದೀಪ, ಪಂಪು ಹೊತ್ತಿದಾಗ ಮುಷ್ಕರ ಹೂಡುವ ಗ್ರೈಂಡರಿಗೆ ಇದೇ ಕಾರಣವಿರಬಹುದು.

ನಾಲ್ಕನೆಯದು ಸಡಿಲ ಜೋಡಣೆ ಮತ್ತು ತೆಳು ವೈರು. ಕೊಟ್ಟಿಗೆಗೆ 30 ಮೀಟರ್ ದೂರ ಒಂದು ಚದರ ಮಿ.ಮೀ.ನ ತಾಮ್ರದ ವೈರನ್ನು ಎಳೆದಿದ್ದರೆ ಹೋಗಿ ಬರುವ ದಾರಿಯ ಪ್ರತಿರೋಧ ಸುಮಾರು 1.1 ಓಮ್. ಓಡುವಾಗ ಇದರಿಂದ ದೊಡ್ಡ ತೊಂದರೆ ಕಾಣುವುದಿಲ್ಲ. ಆದರೆ ಏಳುವ ಕ್ಷಣದಲ್ಲಿ ಮೋಟಾರು 25 ಆಂಪಿಯರ್ ಎಳೆದರೆ ವೈರಿನಲ್ಲೇ 27 ವೋಲ್ಟ್ ಸೋರಿಹೋಗುತ್ತದೆ. ಅದೇ 2.5 ಚದರ ಮಿ.ಮೀ. ವೈರು ಹಾಕಿದರೆ ಸೋರುವುದು 11 ವೋಲ್ಟ್ ಮಾತ್ರ. ಮೋಟಾರಿಗೆ ಬೈಯುವ ಮೊದಲು ವೈರನ್ನು ನೋಡಬೇಕು.

ಐದನೆಯದು ಯಂತ್ರದ ಭಾರ. ಬೇರಿಂಗಿನ ಗ್ರೀಸ್ ಒಣಗಿರುವುದು, ಪಟ್ಟಾ ಅತಿ ಬಿಗಿಯಾಗಿರುವುದು, ಗಿರಣಿಯ ಹೊಟ್ಟೆಯಲ್ಲಿ ಕಾಳು ಉಳಿದಿರುವಾಗಲೇ ಬಂದ್ ಮಾಡಿರುವುದು. ಹಿಂದಿನ ದಿನದ ಹಿಟ್ಟು ಒಣಗಿ ಕಲ್ಲು ಅಂಟಿಕೊಂಡ ಗ್ರೈಂಡರೂ ಇದೇ ಸಾಲಿಗೆ ಸೇರುತ್ತದೆ.

ಮಿಕ್ಸರಿನ ಮೋಟಾರು ಬೇರೆ ಜಾತಿಯದು. ಅದರಲ್ಲಿ ಸ್ಟಾರ್ಟಿಂಗ್ ವೈಂಡಿಂಗ್ ಇಲ್ಲ. ಎರಡು ಕಾರ್ಬನ್ ಬ್ರಷ್‌ಗಳು ತಿರುಗುವ ಭಾಗಕ್ಕೆ ಕರೆಂಟು ಕೊಡುತ್ತವೆ. ಮಿಕ್ಸರ್ ಒಮ್ಮೊಮ್ಮೆ ಸದ್ದೇ ಇಲ್ಲದೆ ಸುಮ್ಮನಿದ್ದರೆ ಬ್ರಷ್ ಸವೆದಿದೆಯೇ ನೋಡಿಸಬೇಕು. ಅದಕ್ಕೂ ಮೊದಲು ತಳದಲ್ಲಿರುವ ಓವರ್‌ಲೋಡ್ ಬಟನ್ ಹೊರಬಂದಿದೆಯೇ ನೋಡಬೇಕು. ಬಂದಿದ್ದರೆ ತಣ್ಣಗಾದ ಮೇಲೆ ಒತ್ತಿದರಾಯಿತು.

ತಳ್ಳುವುದರಿಂದ ಆಗುವ ಹಾನಿ

"ತಳ್ಳಿ ಹತ್ತು ವರ್ಷ ನಡೆಸಿದ್ದೇವೆ" ಎನ್ನುವವರಿಗೆ ಮೂರು ಮಾತು ಹೇಳಬೇಕಾಗಿದೆ.

ಒಂದು, ನಿಂತ ಮೋಟಾರು ಓಡುವ ಮೋಟಾರಿಗಿಂತ ಐದಾರು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ವೈಂಡಿಂಗಿನಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗಕ್ಕೆ ಅನುಸಾರವಾಗಿರುವುದರಿಂದ ಅದು 25ರಿಂದ 36 ಪಟ್ಟು ಏರುತ್ತದೆ. "ಗುಂಯ್" ಎನ್ನುವ ಸದ್ದು ಕೇಳುತ್ತ ಕೈಚೀಲ ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿಕೊಂಡು ತಳ್ಳಲು ಬರುವಷ್ಟರಲ್ಲಿ ಒಳಗಿನ ವಾರ್ನಿಷ್ ಬೇಯುತ್ತಿರುತ್ತದೆ. ಇಂದು ಕೆಪಾಸಿಟರ್ ಬದಲಿಸಿದರೆ ಮುಗಿಯುವ ಕೆಲಸ ನಾಳೆ ರಿವೈಂಡಿಂಗಿಗೆ ಬರುತ್ತದೆ.

ಎರಡು, ಸ್ಟಾರ್ಟಿಂಗ್ ವೈಂಡಿಂಗ್ ಕೆಲಸ ಮಾಡದಿದ್ದಾಗ ಈ ಮೋಟಾರಿಗೆ ದಿಕ್ಕಿನ ಅರಿವಿರುವುದಿಲ್ಲ. ಎತ್ತ ತಳ್ಳಿದರೆ ಅತ್ತ ತಿರುಗುತ್ತದೆ. ಗಡಿಬಿಡಿಯಲ್ಲಿ ಉಲ್ಟಾ ತಳ್ಳಿದರೆ ಗಿರಣಿ ಉಲ್ಟಾ ತಿರುಗಿ ನಟ್ಟುಗಳು ಸಡಿಲಾಗಬಹುದು. ಕಡಬಾ-ಕುಟ್ಟಿ ಯಂತ್ರದಲ್ಲಂತೂ ಏನಾದೀತೆಂದು ಹೇಳಲಾಗದು.

ಮೂರು, ಎಲ್ಲಕ್ಕಿಂತ ಮುಖ್ಯವಾದುದು ಕೈ. ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 24 ಸುತ್ತು. ತಳ್ಳಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಮೊದಲೇ ಪಟ್ಟಾ ಮತ್ತು ಪುಲ್ಲಿಯ ನಡುವೆ ಬೆರಳು ಸಿಗಬಹುದು. ಬಳೆ, ಸೆರಗು, ಓಢಣಿ, ಜಡೆ ಸಿಕ್ಕರೆ ಕುತ್ತಿಗೆಗೇ ಸಂಚಕಾರ. ತಳ್ಳುವುದಕ್ಕೆ ಅಡ್ಡ ಬರುತ್ತದೆಂದು ಪಟ್ಟಾದ ಮೇಲಿನ ಜಾಳಿಗೆಯನ್ನು ಬಿಚ್ಚಿ ಮೂಲೆಗೆ ಎಸೆದಿರುವ ಮನೆಗಳೂ ಉಂಟು. ಆ ಜಾಳಿಗೆ ಇಲ್ಲದ ಯಂತ್ರದ ಬಳಿ ಮಕ್ಕಳು ಆಡುತ್ತಿರುತ್ತಾರೆ ಎಂಬುದನ್ನು ಮರೆಯಬಾರದು.

ಮನೆಯವರೇ ನೋಡಬಹುದಾದುದು

ಮೋಟಾರನ್ನು ಬಿಚ್ಚದೆ, ಒಂದು ಸ್ಕ್ರೂ ಕೂಡ ತಿರುಗಿಸದೆ, ಕಣ್ಣು-ಕಿವಿಗಳಿಂದಲೇ ಅರ್ಧ ರೋಗ ಪತ್ತೆ ಮಾಡಬಹುದು. ಕ್ರಮ ತಪ್ಪಿಸಬೇಡಿ.

1. ಸದ್ದನ್ನು ಗಮನಿಸಿರಿ. ಯಾವ ಸದ್ದೂ ಇಲ್ಲದಿದ್ದರೆ ಕರೆಂಟೇ ತಲುಪಿಲ್ಲ: ಸಾಕೆಟ್, ಪ್ಲಗ್, ಬಟನ್, ವೈರು ಅಥವಾ ಓವರ್‌ಲೋಡ್ ನೋಡಬೇಕು. "ಗುಂಯ್" ಎಂದು ನಿಂತರೆ ಕರೆಂಟು ತಲುಪಿದೆ, ಏಳುವ ಶಕ್ತಿ ಇಲ್ಲ. ಮೂರು ಸೆಕೆಂಡಿನೊಳಗೆ ಏಳದಿದ್ದರೆ ಬಟನ್ ಬಂದ್ ಮಾಡಿರಿ.

2. ಪ್ಲಗ್ ಹೊರಗೆಳೆಯಿರಿ. ಅದರ ಕಾಲುಗಳು ಕಪ್ಪಾಗಿವೆಯೇ, ಸಾಕೆಟ್ ಬಿಸಿಯಾಗಿ ಕರಗಿದೆಯೇ ನೋಡಿರಿ. ಒಂದು ಎಚ್.ಪಿ. ಗಿರಣಿಯನ್ನು ದೀಪ-ಫ್ಯಾನಿನ 6 ಆಂಪಿಯರ್ ಸಾಕೆಟ್ಟಿಗೆ ಜೋಡಿಸಿದ್ದರೆ ತಪ್ಪು ಅಲ್ಲೇ ಇದೆ. ಅದಕ್ಕೆ 16 ಆಂಪಿಯರ್ ಸಾಕೆಟ್ ಬೇಕು.

3. ಪ್ಲಗ್ ಹೊರಗಿರುವಾಗಲೇ ಕಲ್ಲನ್ನು ಅಥವಾ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಿರಿ. ಸಲೀಸಾಗಿ ತಿರುಗಬೇಕು. ಕರಕರ ಎಂದರೆ ಬೇರಿಂಗ್. ಅಲುಗದಿದ್ದರೆ ಏನೋ ಸಿಕ್ಕಿಕೊಂಡಿದೆ. ಪಟ್ಟಾದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು.

4. ಖಾಲಿ ಯಂತ್ರವನ್ನು ಚಾಲೂ ಮಾಡಿರಿ. ಖಾಲಿ ಎದ್ದು, ತುಂಬಿದಾಗ ಏಳದಿದ್ದರೆ ಕೆಪಾಸಿಟರ್ ಅಥವಾ ವೋಲ್ಟೇಜಿನ ಕಡೆ ಬೆರಳು ತೋರಿಸಬಹುದು. ಯಾವ ಕಾಲಕ್ಕೂ ಚಾಲೂ ಮಾಡಿದ ಮೇಲೆ ಕಾಳು ಸುರಿಯುವುದು, ಕಾಳು ಮುಗಿದ ಮೇಲೆ ಬಂದ್ ಮಾಡುವುದು ಒಳ್ಳೆಯ ರೂಢಿ.

5. ಯಂತ್ರ ಏಳುವಾಗ ಮನೆಯ ದೀಪ ನೋಡಿರಿ. ಬಹಳ ಹೊತ್ತು ಮಂಕಾದರೆ ವೈರು ಅಥವಾ ವೋಲ್ಟೇಜ್ ದುರ್ಬಲ.

6. ಚೆನ್ನಾಗಿ ನಡೆಯುತ್ತಿರುವಾಗ ಬಂದ್ ಮಾಡಿ, ವೇಗ ಇಳಿಯುವಾಗ ಕಿವಿಗೊಟ್ಟು ಕೇಳಿರಿ. ಸೆಂಟ್ರಿಫ್ಯೂಗಲ್ ಸ್ವಿಚ್ ಇರುವ ಮೋಟಾರಾದರೆ ನಿಲ್ಲುವ ಮುನ್ನ "ಟಕ್" ಎಂಬ ಸದ್ದು ಕೇಳಿಸಬೇಕು. ಸದ್ದು ಕೇಳಿದ ದಿನ ಮರುಸಲ ಏಳುತ್ತದೆ, ಕೇಳದ ದಿನ ಏಳುವುದಿಲ್ಲ ಎಂದಾದರೆ ಕಳ್ಳ ಸಿಕ್ಕಿಬಿದ್ದಂತೆಯೇ.

ಇವನ್ನೆಲ್ಲ ಒಂದು ವಾರ ಚೀಟಿಯಲ್ಲಿ ಬರೆದಿಡಿರಿ: ಯಾವ ದಿನ, ಯಾವ ಹೊತ್ತು, ಖಾಲಿಯೋ ತುಂಬಿತ್ತೋ, ತಣ್ಣಗಿತ್ತೋ ಬಿಸಿಯಾಗಿತ್ತೋ, ಯಾವ ಸದ್ದು. ಚೀಟಿ ತುಂಬುವ ತನಕ ಏಳದ ಸಲ ಬಂದ್ ಮಾಡಿ ಬಿಡಬೇಕೇ ಹೊರತು ತಳ್ಳಬಾರದು. ಸುಟ್ಟ ವಾಸನೆ, ಹೊಗೆ ಅಥವಾ ಮೈಗೆ ಜುಮ್ಮೆನ್ನುವ ಕರೆಂಟು ಕಂಡರೆ ಚೀಟಿಗೂ ಕಾಯದೆ ಪ್ಲಗ್ ತೆಗೆದಿಡಿರಿ.

ಮಿಸ್ತ್ರಿ ನೋಡಬೇಕಾದುದು

ಡಬ್ಬಿ ಬಿಚ್ಚುವ ಕೆಲಸ ತಿಳಿದವರದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ. ತಿಳಿದ ಮಿಸ್ತ್ರಿ ಅದರ ಎರಡು ತುದಿಗಳಿಗೆ ಬಲ್ಬಿನ ಹೋಲ್ಡರಿನ ವೈರು ತಗಲಿಸಿ ಮೊದಲು ಅದನ್ನು ಖಾಲಿ ಮಾಡುತ್ತಾನೆ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವುದು ಪರಾಕ್ರಮವಾದೀತೇ ಹೊರತು ಪದ್ಧತಿಯಲ್ಲ.

ನಂತರದ ಕ್ರಮ ಅಗ್ಗದ್ದರಿಂದ ದುಬಾರಿಯ ಕಡೆಗೆ ಹೋಗಬೇಕು. ಮೊದಲು ಟರ್ಮಿನಲ್‌ಗಳ ನಟ್ಟು ಬಿಗಿ ಮಾಡುವುದು. ಆಮೇಲೆ ಕೆಪಾಸಿಟರನ್ನು ಮೀಟರಿನಿಂದ ಅಳೆಯುವುದು. ಆಮೇಲೆ ಸ್ವಿಚ್ಚಿನ ತುದಿಗಳನ್ನು ಒರೆಸಿ, ಸವೆದಿದ್ದರೆ ಬದಲಿಸುವುದು. ಆಮೇಲೆ ಬೇರಿಂಗ್. ಕೊನೆಗೆ ವೈಂಡಿಂಗಿನ ಪರೀಕ್ಷೆ. ಹೋದ ಕೂಡಲೇ "ವೈಂಡಿಂಗ್ ಹೋಗಿದೆ, ಪೂರ್ತಿ ಸುತ್ತಬೇಕು" ಎಂದರೆ, ಮೀಟರು ಹಚ್ಚಿ ತೋರಿಸಿರೆಂದು ವಿನಯದಿಂದ ಕೇಳುವ ಹಕ್ಕು ಗ್ರಾಹಕರಿಗಿದೆ.

ಹೊಸ ಕೆಪಾಸಿಟರ್ ಹಾಕುವಾಗ ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಅಂಕಿಯೇ ಇರಬೇಕು. ವೋಲ್ಟೇಜ್ ಅಂಕಿ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು. "ದೊಡ್ಡದು ಹಾಕಿದರೆ ಜೋರಾಗಿ ಏಳುತ್ತದೆ" ಎಂಬ ಮಾತಿಗೆ ಮರುಳಾಗಬೇಡಿ. ಸ್ಟಾರ್ಟಿಂಗ್ ಕೆಪಾಸಿಟರ್ ಕೆಲವೇ ಸೆಕೆಂಡುಗಳ ಕೆಲಸಕ್ಕೆ ಮಾಡಿದ್ದು. ಸದಾ ಓಡುವ ಜಾಗದಲ್ಲಿ ಅದನ್ನು ಹಾಕಿದರೆ ಉಬ್ಬಿ ಒಡೆಯುತ್ತದೆ. ಕೆಪಾಸಿಟರ್ ಮೇಲಿಂದ ಮೇಲೆ ಒಡೆಯುತ್ತಿದ್ದರೆ ಸೆಂಟ್ರಿಫ್ಯೂಗಲ್ ಸ್ವಿಚ್ ಕಡಿಯದೆ ಅಂಟಿಕೊಂಡಿರಬಹುದು. ಅದನ್ನು ನೋಡದೆ ಮೂರನೆಯ ಕೆಪಾಸಿಟರ್ ಕೊಳ್ಳುವುದು ತೂತಾದ ಕೊಡಕ್ಕೆ ನೀರು ಹೊಯ್ದಂತೆ.

ಆಯಿಲ್ ಎಂಜಿನ್ ಎರಕ ಹೊಯ್ದ ಕೊಲ್ಹಾಪುರದ ಶಿವಾಜಿ ಉದ್ಯಮನಗರದಂಥ ಜಾಗ ನಮ್ಮ ಹತ್ತಿರದಲ್ಲೇ ಇರುವಾಗ ಜಾಣ ಕೈಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ನಾವು ಕೊಡುವ ವಿವರಕ್ಕೆ. "ಗ್ರೈಂಡರ್ ಕೆಟ್ಟಿದೆ, ನೋಡಿರಿ" ಎಂದು ಹೇಳಿ ಬರುವುದಕ್ಕಿಂತ ಮೇಲೆ ಹೇಳಿದ ಚೀಟಿಯನ್ನು ಕೊಟ್ಟರೆ ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿದೀತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಆಡುವ ನಮ್ಮ ತಾಯಂದಿರು ಸಂಕೋಚಪಡಬೇಕಾಗಿಲ್ಲ. "ಗುಂಯ್" ಮತ್ತು "ಟಕ್" ಎರಡೂ ಭಾಷೆಯವರಿಗೆ ಅರ್ಥವಾಗುತ್ತದೆ.

ನೆರೆಯಲ್ಲಿ ನೆನೆದ ಮೋಟಾರು

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರವನ್ನು ಪಂಚಗಂಗೆಯ ದಂಡೆಯವರು ಮರೆತಿಲ್ಲ. ನೀರಿಳಿದ ಮೇಲೆ ಮೋಟಾರನ್ನು ಎರಡು ದಿನ ಬಿಸಿಲಿಗಿಟ್ಟು ಚಾಲೂ ಮಾಡುವುದು ವಾಡಿಕೆ. ಇದು ಅಪಾಯದ ವಾಡಿಕೆ. ಹೊರಗೆ ಒಣಗಿದಂತೆ ಕಂಡರೂ ವೈಂಡಿಂಗಿನ ಸಂದಿಯಲ್ಲಿ ತೇವ, ಬೇರಿಂಗಿನಲ್ಲಿ ರೇವೆ, ಸ್ವಿಚ್ಚಿನ ತುದಿಗಳಲ್ಲಿ ಕೆಸರಿನ ಪದರ ಉಳಿಯುತ್ತದೆ. ತೇವ ಉಳಿದ ಮೋಟಾರು ಮೈಗೆ ಕರೆಂಟು ಕೊಡುತ್ತದೆ. ಕೆಸರು ಉಳಿದದ್ದು ಕೆಲವು ದಿನ ನಡೆದು "ಒಮ್ಮೊಮ್ಮೆ" ಎಂಬ ರೋಗಕ್ಕೆ ಬೀಳುತ್ತದೆ. ನೆನೆದ ಮೋಟಾರನ್ನು ಬಿಚ್ಚಿ, ತೊಳೆದು, ಒಣಗಿಸಿ, 500 ವೋಲ್ಟಿನ ಮೆಗ್ಗರ್ ಹಚ್ಚಿ, ವೈಂಡಿಂಗಿಗೂ ಕಬ್ಬಿಣದ ಮೈಗೂ ನಡುವೆ ಕನಿಷ್ಠ ಒಂದು ಮೆಗ್‌ಓಮ್ ತೋರಿಸಿದ ಮೇಲೆಯೇ ಕರೆಂಟು ಕೊಡಬೇಕು. ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜ ಸೀಮೆಯ ರೈತರಿಗೂ ಈ ಮಾತು ಅನ್ವಯಿಸುತ್ತದೆ. ಮಳೆಗಾಲಕ್ಕೆ ಮುಂಚೆಯೇ ಯಂತ್ರವನ್ನು ಎತ್ತರದ ಕಟ್ಟೆಯ ಮೇಲೆ ಇಡುವುದು ಇನ್ನೂ ಒಳ್ಳೆಯದು.

ಅರ್ಥಿಂಗ್ ಮತ್ತು ಜೀವ

ರುಬ್ಬುವವರ ಕೈ ಒದ್ದೆ, ಕಾಲ ಕೆಳಗಿನ ನೆಲ ಒದ್ದೆ, ಮೋಟಾರಿನ ಮೈ ಕಬ್ಬಿಣ. ಇಂಥಲ್ಲಿ ಹಸಿರು ವೈರಿನ ಅರ್ಥಿಂಗ್ ಇಲ್ಲದೆ ಯಂತ್ರ ನಡೆಸುವುದು ಕಣ್ಣು ಕಟ್ಟಿಕೊಂಡು ಬಾವಿಕಟ್ಟೆಯ ಮೇಲೆ ನಡೆದಂತೆ. ಮೂರು ಕಾಲಿನ ಪ್ಲಗ್ಗನ್ನು ಎರಡು ಕಾಲಿನ ಸಾಕೆಟ್ಟಿಗೆ ತುರುಕುವುದು, ಅರ್ಥಿಂಗ್ ಇಲ್ಲವೆಂದು ನ್ಯೂಟ್ರಲ್ ವೈರನ್ನೇ ಮೈಗೆ ಕಟ್ಟುವುದು ಎರಡೂ ಘೋರ ತಪ್ಪು. ಎಲ್ಲೋ ನ್ಯೂಟ್ರಲ್ ಕಡಿದರೆ ಇಡೀ ಯಂತ್ರದ ಮೈಗೆ 230 ವೋಲ್ಟ್ ಬರುತ್ತದೆ. ಮೀಟರಿನ ಪಕ್ಕದಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದರೆ, ಕರೆಂಟು ಸೋರಿದ ಕ್ಷಣಾರ್ಧದಲ್ಲಿ ಅದು ಲೈನ್ ಕಡಿಯುತ್ತದೆ. ಅದು ಬಿದ್ದರೆ ತಲೆನೋವೆಂದು ತಂತಿ ಹಚ್ಚಿ ಕಟ್ಟಬೇಡಿ. ಅದು ಬೀಳುವುದೇ ನಿಮ್ಮ ಜೀವ ಉಳಿಸಲು.

ಯಾರಿಗಾದರೂ ಶಾಕ್ ಹೊಡೆದು ಯಂತ್ರಕ್ಕೆ ಅಂಟಿಕೊಂಡರೆ ಅವರನ್ನು ಮುಟ್ಟಬಾರದು. ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ಬೇರ್ಪಡಿಸಬೇಕು. ಪ್ರಜ್ಞೆ ತಪ್ಪಿ ಉಸಿರಾಟ ನಿಂತಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಎರಡು ಇಂಚು ಆಳಕ್ಕೆ ಒತ್ತುತ್ತಿರಬೇಕು. ಎಚ್ಚರಾದವರನ್ನೂ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಹೃದಯದ ಬಡಿತ ಆಮೇಲೂ ಏರುಪೇರಾಗಬಹುದು. ಬೆರಳು ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು, ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸಿನ ಮೇಲಿಟ್ಟು ಒಯ್ಯಬೇಕು. ತುಂಡು ಐಸಿಗೆ ನೇರವಾಗಿ ತಾಗಬಾರದು. ಅರಿಷಿಣ, ಸುಣ್ಣ, ಕಾಫಿಪುಡಿ ಹಚ್ಚಬಾರದು.

ನಮ್ಮ ಅಭಿಪ್ರಾಯ

ಗಡಹಿಂಗ್ಲಜ ಪೇಟೆಗೆ ಸಂಕೇಶ್ವರಿ ಮೆಣಸಿನಕಾಯಿ ಬರುವ ಕಾಲದಲ್ಲಿ, ವರ್ಷದ ಖಾರ ಕುಟ್ಟಿಸುವ ಗಡಿಬಿಡಿಯಲ್ಲಿ, ಗಿರಣಿಯವರು ಯಂತ್ರ ನಿಲ್ಲಿಸಲು ಒಪ್ಪುವುದಿಲ್ಲ. ಹಬ್ಬದ ಮುಂದಿನ ದಿನ ಮನೆಯವರೂ ಒಪ್ಪುವುದಿಲ್ಲ. ಅವರ ಅವಸರ ನಮಗೆ ಅರ್ಥವಾಗುತ್ತದೆ. ರಿಪೇರಿಗೆ ಹೋದ ದಿನದ ಕೂಲಿ ಕೈಬಿಡುವುದೂ ನಿಜ. ಅದಕ್ಕೇ ದೋಷ ಮೊದಲ ಸಲ ಕಂಡಾಗಲೇ, ಗಡಿಬಿಡಿ ಇಲ್ಲದ ದಿನಗಳಲ್ಲಿ, ನೋಡಿಸಬೇಕು ಎನ್ನುತ್ತೇವೆ.

ವೋಲ್ಟೇಜಿನ ವಿಷಯದಲ್ಲಿ ಸುಮ್ಮನಿರುವುದೂ ಸರಿಯಲ್ಲ. ಮನೆಯ ಲೈನಿನ ವೋಲ್ಟೇಜ್ ಶೇಕಡಾ 6ಕ್ಕಿಂತ ಹೆಚ್ಚು ಏರಿಳಿಯಬಾರದೆಂಬ ನಿಯಮವಿದೆ. ಎಂದರೆ ಸುಮಾರು 216ರಿಂದ 244 ವೋಲ್ಟ್. 2005ರಲ್ಲಿ ವಿದ್ಯುತ್ ಮಂಡಳಿ ಒಡೆದು ಮಹಾವಿತರಣ ಆದ ಮೇಲೂ ದೂರು ಕೊಡುವ ಹಕ್ಕು ಗ್ರಾಹಕರದೇ. ಓಣಿಯ ನಾಲ್ಕು ಮನೆಯವರು ಸಂಜೆಯ ವೋಲ್ಟೇಜ್ ಅಳೆದು, ತಾರೀಖು ಸಹಿತ ಬರೆದು, ಒಟ್ಟಾಗಿ ಅರ್ಜಿ ಕೊಟ್ಟರೆ ಅದಕ್ಕೆ ತೂಕವಿರುತ್ತದೆ.

ಮಹಿಳಾ ಸ್ವಸಹಾಯ ಗುಂಪುಗಳು ಒಂದು ಕೆಲಸ ಮಾಡಬಹುದು. ಕೆಪಾಸಿಟರ್ ಅಳೆಯುವ ಸೌಕರ್ಯವಿರುವ ಮಲ್ಟಿಮೀಟರ್ ಒಂದನ್ನು ಗುಂಪಿನ ಹಣದಿಂದ ಕೊಂಡು, ಐ.ಟಿ.ಐ. ಕಲಿತ ಊರಿನ ಹುಡುಗ-ಹುಡುಗಿಯರನ್ನು ಕರೆದು, ವರ್ಷಕ್ಕೊಮ್ಮೆ ಎಲ್ಲರ ಮನೆಯ ಗ್ರೈಂಡರ್, ಗಿರಣಿ, ಕುಟ್ಟಿ ಯಂತ್ರದ ಅರ್ಥಿಂಗ್, ಪ್ಲಗ್, ಪಟ್ಟಾ, ಕೆಪಾಸಿಟರ್ ನೋಡಿಸಬಹುದು. ಪ್ರತಿ ಮೋಟಾರಿನ ಮೈಗೆ ಒಂದು ಕಾರ್ಡು ಅಂಟಿಸಿ ರಿಪೇರಿಯ ತಾರೀಖು, ಬದಲಿಸಿದ ಭಾಗ, ಕೆಪಾಸಿಟರಿನ ಅಂಕಿ, ಪಟ್ಟಾದ ನಂಬರು ಬರೆದಿಟ್ಟರೆ ಮುಂದಿನ ಸಲ ಯಾರೂ ಕತ್ತಲಲ್ಲಿ ತಡಕಾಡಬೇಕಾಗಿಲ್ಲ.

ಕೊನೆಯದಾಗಿ ಮನೆಯ ಯಜಮಾನರಿಗೆ ಒಂದು ವಿನಂತಿ. "ಇವತ್ತು ಗ್ರೈಂಡರ್ ಬೇರೆ ಥರಾ ಸದ್ದು ಮಾಡಾಕತ್ತೈತಿ" ಎಂದು ಮನೆಯಾಕೆ ಹೇಳಿದರೆ ಅದನ್ನು ಕೇಳಿಸಿಕೊಳ್ಳಿರಿ. ಆ ಯಂತ್ರದ ಸದ್ದನ್ನು ದಿನಾಲು ಕೇಳುವವಳು ಆಕೆ. ಯಾವ ಮೀಟರಿಗಿಂತಲೂ ಮೊದಲು ದೋಷ ತಿಳಿಯುವುದು ಆಕೆಗೆ. ಆಕೆಯ ಮಾತನ್ನು ಅದೇ ದಿನ ಮಿಸ್ತ್ರಿಗೆ ಮುಟ್ಟಿಸಿದರೆ ಮೋಟಾರೂ ಉಳಿಯುತ್ತದೆ, ಆಕೆಯ ಕೈಯೂ ಉಳಿಯುತ್ತದೆ. ಮೋಟಾರು ಸುಟ್ಟರೆ ಇನ್ನೊಂದು ತರಬಹುದು. ಕೈಬೆರಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.